ಇನ್ನೊಂದು ಕೈ

"ಗಂಡನ ಹೆಸರು ಹೇಳು, ಇಲ್ಲಾಂದ್ರೆ ಹೊಸಲು ದಾಟಾಕೆ ಬಿಡಂಗಿಲ್ಲ!"

ನಾಗಕ್ಕ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಳು. ಅವಳ ಮಗುವನ್ನು ತೊಟ್ಟಿಲಿಗೆ ಹಾಕಿ ಆಗಿತ್ತು. ಹರಿಹರದ ಆ ಪುಟ್ಟ ಪಡಸಾಲೆಯಲ್ಲಿ ಹೆಂಗಸರೆಲ್ಲ ಎಲೆಯಡಿಕೆ ಮೆಲ್ಲುತ್ತ, ದಾವಣಗೆರೆಯಿಂದ ಬಂದ ತಂಗಿ ಮೈಲಮ್ಮನ ಬಾಯನ್ನೇ ನೋಡುತ್ತಿದ್ದರು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳಬೇಕು.

"ಹೊಳೆ ದಂಡ್ಯಾಗ ಹೊಂಗೆ ನೆರಳು, ಗಡಿ ಕಾಯ್ದು ಬಂದಾರ..."

ಮೈಲಮ್ಮ ಅಲ್ಲಿಗೇ ನಿಂತಳು. ಹೆಸರು ಯಾರೋ ಪರವೂರಿನವರದೆನಿಸಿತು.

ಅವಳ ಗಂಡ ಏಕಾಂತಪ್ಪ ಹೆಸರಿಗಷ್ಟೇ ಏಕಾಂತ; ಮದುವೆಯಾದ ಹೊಸದರಲ್ಲಿ ಅವನಷ್ಟು ಲೋಕಾಂತದ ಮನುಷ್ಯ ಇರಲಿಲ್ಲ. ಪಲ್ಟನ್ನಿನಿಂದ ರಜೆಗೆ ಬಂದನೆಂದರೆ, "ನಮ್ಮವ್ವನ್ನ ಮಾಡು, ಆ ಬಸ್ ಕಂಡಕ್ಟರ್‌ನ ಮಾಡು" ಎಂದು ಕಾಡಿ, ಹೆಂಡತಿಯ ಅಣಕಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ. ಚೀನಾ ಯುದ್ಧ ಮುಗಿಸಿ ಬಂದವನು ಬೇರೆಯೇ. ಬಟ್ಟೆ ಮಿಲ್ಲಿನ ಸೈರನ್ ಕೂಗಿತೆಂದರೆ ಉಣ್ಣುತ್ತಿದ್ದರೂ ಥಟ್ಟನೆ ನೆಲಕ್ಕೆ ಬೀಳುತ್ತಿದ್ದ. ಆಮೇಲೆ ಎದ್ದು ಏನೂ ಆಗದವನಂತೆ ಅನ್ನ ಕಲಸುತ್ತಿದ್ದ. ಕೇಳಿದರೆ ನೊಂದುಕೊಂಡಾರು ಎಂದು ಅವಳು ಕೇಳಲಿಲ್ಲ. ಹೇಳಿದರೆ ಹೆದರಿಯಾಳು ಎಂದೋ ಏನೋ, ಅವನೂ ಹೇಳಲಿಲ್ಲ.

"ಏನೇ, ಹೆಸರೇ ಮರೆತ್ಯಾ?" ನೆರೆಮನೆಯ ಭೀಮವ್ವ ಕೆಣಕಿದಳು.

"ಹೆಸರ್ಯಾಕೆ? ಮನುಷ್ಯನ್ನೇ ತೋರಿಸ್ತೀನಿ ನೋಡ್ರಿ" ಎಂದ ಮೈಲಮ್ಮ ಮೂಗು ಹಿಡಿದು ಸೈರನ್ ಕೂಗಿದಳು: "ಭೋಂ...!" ಕಲಸುತ್ತಿದ್ದ ತುತ್ತು ಬಿಟ್ಟವಳಂತೆ ಧೊಪ್ಪನೆ ಬಿದ್ದಳು. ಎರಡೂ ಕೈ ತಲೆಯ ಮೇಲಿಟ್ಟು ಕಣ್ಣು ಪಿಳಿಪಿಳಿ ಮಾಡಿದಳು. ಆಮೇಲೆ ಎದ್ದು, ಇಲ್ಲದ ಮೀಸೆ ಒರೆಸಿಕೊಂಡು, "ಸಾರು ಹಾಕು" ಎಂದಳು. ಅವನದೇ ದನಿ.

"ಅಯ್ಯಯ್ಯೋ, ಚೀನಾದೋರು ನಿಮ್ಮ ಮಿಲ್ಲಿಗೂ ಬಂದ್ರೇನೇ!" ಭೀಮವ್ವ ನಗುತ್ತ ಗೋಡೆಗೆ ಒರಗಿದಳು.

ಬಾಗಿಲಾಚೆಯೂ ಯಾರೋ ನಕ್ಕರು. ರೈಲಿಗೆ ಹೊತ್ತಾಯಿತೆಂದು ಕರೆಯಲು ಬಂದ ಏಕಾಂತಪ್ಪ. ಎಲ್ಲರಿಗಿಂತ ಜೋರಾಗಿ ನಕ್ಕ. ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕ.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರ ನಡುವೆ ನಾಗಕ್ಕ ಕಟ್ಟಿಕೊಟ್ಟ ಹೋಳಿಗೆ ಗಂಟು ಕೂತಿತ್ತು. ಮೈಲಮ್ಮ ಸೆರಗಿನ ಅಂಚು ಸುರುಳಿ ಸುತ್ತುತ್ತಿದ್ದಳು.

"ಚಲೋ ಮಾಡ್ದೆ ಬಿಡು" ಎಂದ ಅವನು. "ಆದ್ರೆ ಒಂದು ತಪ್ಪಾತು."

"ಏನ್ರೀ?"

"ಎರಡೂ ಕೈ ತಲೆ ಮ್ಯಾಲೆ ಇಟ್ಕಂಡೆ. ನಾನು ಹಂಗೆ ಮಾಡಲ್ಲ. ಒಂದೇ ಕೈ ತಲೆ ಮ್ಯಾಲೆ. ಇನ್ನೊಂದು ಹಿಂಗೆ."

ಬಲಗೈಯನ್ನು ಗಂಟಿನ ಮೇಲಿಟ್ಟು ಒತ್ತಿದ. ಮೆಲ್ಲಗೆ, ಆಮೇಲೆ ಬಲವಾಗಿ. ಬಟ್ಟೆಯಲ್ಲಿ ತುಪ್ಪದ ಕಲೆ ಹರಡತೊಡಗಿತು.

"ಪಕ್ಕದಾಗ ಒಬ್ಬ ಇದ್ದ. ಸಣ್ಣ ಹುಡುಗ. ತಲೆ ಎತ್ತಬ್ಯಾಡಲೇ ಅಂತ ಹಿಡ್ಕಂಡಿದ್ದೆ. ಒಂದು ಸಲ ಕೈ ತೆಗೆದೆ, ಮೈಲಿ..."

ಅವನು ಅವಳತ್ತ ತಿರುಗಿದ. ಯುದ್ಧ ಮುಗಿಸಿ ಬಂದಾಗಿನಿಂದ ಅವಳ ಮುಖವನ್ನು ಹೀಗೆ ನೋಡಿರಲಿಲ್ಲ. ಆ ಹುಡುಗನ ಹೆಸರೇನು ಎಂದು ಕೇಳಿದ್ದರೆ ಸಾಕಿತ್ತು. ಮಾತು ಅವಳ ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಬಾಯಿ ತನಗೆ ಗೊತ್ತಿದ್ದ ಹಾದಿಯನ್ನೇ ಹಿಡಿಯಿತು. ಕಂಡಕ್ಟರನ ಗೊಗ್ಗರು ದನಿ ತೆಗೆದು, "ಏ ಯಜಮಾನ್ರೇ, ಹೋಳಿಗೆ ಹಪ್ಪಳ ಆತು ನೋಡ್ರಿ, ಕೈ ತೆಗೀರಿ!" ಎಂದಳು.

ಅವನು ಕೈ ತೆಗೆದ. ಸ್ವಲ್ಪ ನಕ್ಕ ಕೂಡ. ಆಮೇಲೆ ರೈಲು ಬರುವ ದಿಕ್ಕಿಗೆ ಮುಖ ಮಾಡಿ ಕೂತ.

ಮರುದಿನ ದಾವಣಗೆರೆಯಲ್ಲಿ ಊಟಕ್ಕೆ ಬಡಿಸುವಾಗಲೇ ಸೈರನ್ ಕೂಗಿತು. ಮೈಲಮ್ಮ ಸಾರಿನ ಸೌಟು ಹಿಡಿದೇ ನಿಂತಳು. ಇವತ್ತು ಕೇಳಬೇಕು, ಬಿದ್ದರೆ ಪಕ್ಕದಲ್ಲೇ ಕೂತು ಕೇಳಬೇಕು ಎಂದು ಬೆಳಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಏಕಾಂತಪ್ಪ ಬೀಳಲಿಲ್ಲ. ನೆಟ್ಟಗೆ ಕೂತು ತುತ್ತು ಬಾಯಿಗಿಟ್ಟ.

"ಸಾರು ಹಾಕು" ಎಂದ.

ಹಾಕಲು ಬಾಗಿದಾಗ ಅವನ ಎಡಗೈ ಕಂಡಿತು. ತೊಡೆಯ ಮರೆಯಲ್ಲಿ, ಚಾಪೆಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಕೂಗು ನಿಂತು ಎಷ್ಟೋ ಹೊತ್ತಾದರೂ ಅದು ಅಲ್ಲಿಂದ ಏಳಲಿಲ್ಲ.