ಎಡಗಣ್ಣಿನ ಉಪ್ಪುನೀರು

ಬೆಳಗ್ಗೆ ತೀರಿಕೊಂಡ ಭಾವನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ತಂಗಿ ಬಲಗಣ್ಣಿನ ಹತ್ತಿರ ಕೈ ನಿಲ್ಲಿಸಿದಳು.

"ಅಕ್ಕ, ಇಲ್ಲಿ ನೋಡು. ಭಾವಂದು ಈ ಕಣ್ಣಿನ ರೆಪ್ಪೆಗೂದಲು ಎಷ್ಟು ಉದ್ದ ಇದೆ. ಆ ಕಣ್ಣಿಂದು ಹಾಗಿಲ್ಲ."

ಅಕ್ಕ ಬಗ್ಗಿದಳು. ಗ್ಲಾಕೋಮಾ ಅವಳ ಪಕ್ಕದ ನೋಟವನ್ನೆಲ್ಲ ತಿಂದುಹಾಕಿತ್ತು. ನೇರ ಎದುರಿಗಿದ್ದದ್ದಷ್ಟೇ ಕಾಣುತ್ತಿತ್ತು. ಗಂಡನ ಬಲಗಡೆ ಕಪ್ಪಾದ, ದಟ್ಟವಾದ, ಮದುಮಗಳದಂಥ ರೆಪ್ಪೆ. ಎಡಗಡೆ ವಯಸ್ಸಾದ ಗಂಡಸಿನ ನಾಲ್ಕು ಬಡಕಲು ಕೂದಲು.

"ಹಾಗಾದ್ರೆ ಆ ಕತ್ತರಿ ಇದಕ್ಕೆ," ಎಂದು ಗೊಣಗಿದಳು.

*

ಕಳೆದ ವರ್ಷ ಬಚ್ಚಲುಮನೆಯ ಬೇಸಿನ್ನಿನಲ್ಲಿ ಚಿಕ್ಕ ಚಿಕ್ಕ ಕಪ್ಪು ಕೂದಲು ಸಿಕ್ಕಿದ್ದವು. ಅವನ ತಲೆ ಪೂರ್ತಿ ಬೆಳ್ಳಗೆ, ಇವಳದೂ ಅಷ್ಟೇ. ಕನ್ನಡಿಯ ಹಿಂದೆ ಒಂದು ಪುಟ್ಟ ಕತ್ತರಿ ಬೇರೆ. ಸಂಜೆ ಔಷಧಿ ಲ್ಯಾಬಿನ ಕೆಲಸ ಮುಗಿಸಿ ಬಂದು ಬಾಗಿಲು ಹಾಕಿಕೊಂಡರೆ ಅವನು ಬೇಗ ಹೊರಗೆ ಬರುತ್ತಿರಲಿಲ್ಲ.

"ಯಾರಿಗೆ ಇಷ್ಟೊಂದು ಸಿಂಗಾರ?" ಎಂದು ಕೇಳಿದ್ದಳು.

"ನಿನಗೇ ಕಣೇ."

ಏನಾದರೂ ಮುಚ್ಚಿಡುವಾಗ ಮಾತ್ರ ಅವನು ಅಷ್ಟು ಚುಟುಕಾಗಿ ಮಾತಾಡುತ್ತಿದ್ದ. ಅಂದಿನಿಂದ ಅವಳು ಅವನ ಅಂಗಿಯನ್ನು ಮೂಸಿ ನೋಡಿಯೇ ಒಗೆಯಲು ಹಾಕುತ್ತಿದ್ದಳು. ಆದರೂ ಮಲಗುವ ಮುಂಚೆ ಅವನು ಅವಳ ಕಣ್ಣಿಗೆ ಹನಿ ಹಾಕಲು ಬಂದರೆ ಸುಮ್ಮನೆ ಮುಖ ಎತ್ತುತ್ತಿದ್ದಳು. ಹಳೆಯ ಹನಿ ಕಣ್ಣು ಉರಿಸುತ್ತಿತ್ತು. ಆಸ್ಪತ್ರೆಯವರು ಹೊಸದು ಕೊಟ್ಟಿದ್ದಾರೆ ಎಂದು ಅವನು ತಂದದ್ದು ತಣ್ಣಗಿತ್ತು.

*

ಮುಂದಿನ ಕೋಣೆಯಲ್ಲಿ ಲ್ಯಾಬಿನ ಮುಖ್ಯಸ್ಥ ಕೂತಿದ್ದ. ಸಂತಾಪ ಹೇಳಿ ಮುಗಿಸಿದರೂ ಅವನ ಕಣ್ಣು ಫ್ರಿಜ್ಜಿನ ಮೇಲೆಯೇ ಇತ್ತು.

"ಇಂಥ ಹೊತ್ತಲ್ಲಿ ಕೇಳಬಾರದು ಅಮ್ಮ. ಮನೇಲಿ ಲ್ಯಾಬಿನ ಬಾಟಲಿ ಏನಾದ್ರೂ ಇದೆಯಾ? ಹೊಸ ಗ್ಲಾಕೋಮಾ ಹನಿ. ಇನ್ನೂ ಪರೀಕ್ಷೇಲಿದೆ, ಹೊರಗೆ ಹೋಗೋ ಹಾಗಿಲ್ಲ. ಆದ್ರೂ ಹೋಗಿದೆ ಅಂತ ನಮಗೆ ಗುಮಾನಿ."

"ನನ್ನ ಆಸ್ಪತ್ರೆ ಹನಿ ಬಿಟ್ರೆ ಏನೂ ಇಲ್ಲ ಸಾರ್," ಎಂದಳು ಅಕ್ಕ. ಹೇಳುತ್ತಿರುವಾಗಲೇ ಅವಳ ದನಿ ಸಣ್ಣಗಾಯಿತು.

"ಅದನ್ನ ಹಾಕ್ಕೊಂಡ್ರೆ ಏನಾಗುತ್ತೆ?" ತಂಗಿ ಕೇಳಿದಳು.

"ಕಣ್ಣಿನ ಒತ್ತಡ ಇಳಿಯುತ್ತೆ. ರೆಪ್ಪೆಗೂದಲು ಉದ್ದ ಬೆಳೆಯುತ್ತೆ, ನೋಡಿದ ತಕ್ಷಣ ನಮಗೆ ಗೊತ್ತಾಗುತ್ತೆ. ಒಂದು ಕಣ್ಣಿಗೆ ಔಷಧಿ, ಇನ್ನೊಂದಕ್ಕೆ ಬರೀ ಉಪ್ಪುನೀರು, ಅದು ನಮ್ಮ ಪದ್ಧತಿ. ಹೋಲಿಸಿ ನೋಡ್ಬೇಕಲ್ಲ. ನಿಮ್ಮ ಯಜಮಾನ್ರು ಅದನ್ನ ಯಾವತ್ತೂ ಮೀರಿದವರಲ್ಲ."

ಇತ್ತೀಚೆಗೆ ಎಡಗಣ್ಣು ಮಂಜಾಗುತ್ತಿದೆ ಎಂದು ಅಕ್ಕನಿಗೆ ಅನ್ನಿಸುತ್ತಿತ್ತು. ಬೇರೆ ಯಾವಳಾದರೂ ಇದ್ದಿದ್ದರೂ ವಾಸಿಯಿತ್ತು. ಕಟ್ಟಿಕೊಂಡವಳನ್ನೇ ಇವನು ಲ್ಯಾಬಿನ ಮೊಲ ಮಾಡಿಕೊಂಡನೇ?

"ಒಂದ್ಸಲ ಅವರ ಮುಖ ನೋಡ್ಬಹುದಾ?" ಮುಖ್ಯಸ್ಥ ಎದ್ದ.

"ಇನ್ನೂ ಒರೆಸಿ ಆಗಿಲ್ಲ ಸಾರ್. ಸ್ವಲ್ಪ ತಡೀರಿ."

ತಂಗಿಯನ್ನು ಒಳಗೆಳೆದುಕೊಂಡು ಚಿಲಕ ಹಾಕಿದಳು. ದಪ್ಪ ಕನ್ನಡಕ ತೆಗೆದು ಕಿಟಕಿಯ ಬೆಳಕಿಗೆ ಮುಖ ಒಡ್ಡಿದಳು.

"ನಿಜ ಹೇಳು. ನಂದು ಯಾವ ಕಣ್ಣಿಂದು ಉದ್ದ?"

ತಂಗಿ ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು.

"ಎರಡೂನು ಅಕ್ಕ. ಒಂದೇ ಸಮ ಇದೆ. ಈ ವಯಸ್ಸಲ್ಲಿ ಕಾಡಿಗೆ ಶುರು ಮಾಡಿದೀಯ ಅಂತ ನಾನು ಸುಮ್ಮನಿದ್ದೆ."

ಬೆಳಗಿನಿಂದ ಬಾರದ ಅಳು ಅಕ್ಕನಿಗೆ ಆಗ ಬಂತು.

"ಉಪ್ಪುನೀರಿನ ಪಾಲು ತಾವೇ ಇಟ್ಕೊಂಡ್ರು," ಎಂದಳು.

ಹಾಸಿಗೆ ಹಿಡಿದ ಮೇಲೆ ಅವನ ಕೈಗೆ ಕತ್ತರಿ ಹಿಡಿಯಲು ಆಗಿರಲಿಲ್ಲ. ಅವಳು ಕೋಣೆಗೇ ಸೇರಿದ ಬಚ್ಚಲುಮನೆಯ ಕನ್ನಡಿಯ ಹಿಂದಿನಿಂದ ಅದನ್ನು ತಂದಳು. ಬಲರೆಪ್ಪೆಯ ಕೂದಲನ್ನು ಎಡಗಡೆಯ ಅಳತೆಗೆ ಕತ್ತರಿಸಿ, ಕೆನ್ನೆಯ ಮೇಲೆ ಬಿದ್ದದ್ದನ್ನು ಅಂಗೈಯಿಂದ ಒರೆಸಿದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

"ಬಂದ್ವಿ ಸಾರ್," ಎಂದು ಕೂಗಿದಳು. ಕತ್ತರಿಯನ್ನು ತಂಗಿಯ ಕೈಗಿಟ್ಟು ಸ್ಟೂಲಿನ ಮೇಲೆ ಕೂತಳು. ದಿನಾ ಹನಿ ಹಾಕಿಸಿಕೊಳ್ಳುವಾಗ ಎತ್ತುತ್ತಿದ್ದಂತೆಯೇ ಮುಖ ಮೇಲೆತ್ತಿ, ಕಣ್ಣು ಮುಚ್ಚಿದಳು.