ಒರೆಸಿದ ಕುಂಕುಮ

ರಂಜನಿಯ ಗಡಿಯಾರ ಮೊಂಡು ಹಿಡಿದು ನಾಲ್ಕು ದಿನವಾಗಿತ್ತು. ಗಡಿಯಾರವೆಂದರೆ ಮುಳ್ಳಿನದಲ್ಲ, ಮಾತ್ರೆ ಡಬ್ಬಿಯೊಳಗಿನ ಬೋರ್ಡಿನ ಮೇಲೆ ಕೂತ ಒಂದು ಪುಟ್ಟ ಚಿಪ್. ಹೊತ್ತೆಷ್ಟಾಯಿತೆಂದು ಅದು ಹೇಳಬೇಕು. ಪಕ್ಕದ ದೊಡ್ಡ ಕಂಟ್ರೋಲರ್ ಚಿಪ್ ಕೇಳಿಸಿಕೊಂಡು, ಸರಿಯಾದ ಗಳಿಗೆಗೆ ಕೂಗಿ, ವಯಸ್ಸಾದವರಿಗೆ ಮಾತ್ರೆ ನೆನಪಿಸಬೇಕು. ಆದರೆ ಈ ಮಹಾಶಯ ಬೆಳಿಗ್ಗೆ ಮಂಜು ಕವಿದಾಗ ನಿಂತೇಬಿಡುತ್ತಿದ್ದ. ಬಿಸಿಲೇರಿದ ಮೇಲೆ ಏನೂ ಆಗದವನಂತೆ ಓಡುತ್ತಿದ್ದ.

ಗುರುವಾರ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯವರು ಡಬ್ಬಿ ನೋಡಲು ಬರುವವರಿದ್ದರು. ಅದು 2001ರ ಅಕ್ಟೋಬರ್ ಕೊನೆ, ರಂಜನಿಯ ಆಫೀಸಿದ್ದ ಸನ್ನಿವೇಲ್‌ನಲ್ಲಿ ವಾರಕ್ಕೊಂದು ಕಂಪನಿ ಬಾಗಿಲು ಹಾಕುತ್ತಿದ್ದ ಕಾಲ. ಆಸ್ಪತ್ರೆಯವರು ಬೇಡವೆಂದರೆ ಪ್ರಾಜೆಕ್ಟು ಮುಚ್ಚುತ್ತದೆ, ಅದರ ಜೊತೆ ರಂಜನಿಯ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ. ಮೈಸೂರಿಗೆ ಫೋನು ಮಾಡಿದಾಗಲೆಲ್ಲ ‘ಎಲ್ಲಾ ಚೆನ್ನಾಗಿದೆ’ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಎಂಜಿನಿಯರುಗಳ ಜಾಯಮಾನ ನೋಡಿ, ತಪ್ಪು ಎಲ್ಲಿದ್ದರೂ ಹುಡುಕುವುದು ತಮಗೆ ಗೊತ್ತಿರುವ ಜಾಗದಲ್ಲೇ. ರಂಜನಿ ತಾನು ಬರೆದ ಕೋಡನ್ನು ಸಾಲು ಸಾಲಾಗಿ ನಾಲ್ಕು ಸಲ ಓದಿದಳು. ಬ್ಯಾಟರಿ ಬದಲಿಸಿದಳು. ಪಕ್ಕದ ಮೇಜಿನಲ್ಲೇ ಬೆಸುಗೆ ಕೆಲಸದ ಶರಣಪ್ಪನವರಿದ್ದರು. ಬಾಗಲಕೋಟೆ ಕಡೆಯವರು, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ರೇಡಿಯೋ ಜೋಡಿಸಿ, ನರ್ಸ್ ಹೆಂಡತಿಯ ಬೆನ್ನಿಗೆ ಯೂನಿಯನ್ ಸಿಟಿಗೆ ಬಂದವರು. ಅವರನ್ನು ಕೇಳಬಹುದೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ಡಿಗ್ರಿ ಇಲ್ಲದವರನ್ನು ಏನು ಕೇಳುವುದು ಎಂದು ಸುಮ್ಮನಿದ್ದಳು, ಅಷ್ಟೆ.

ಬುಧವಾರ ಹ್ಯಾಲೋವೀನ್. ಆಫೀಸಿನವರೆಲ್ಲ ವೇಷ ಹಾಕಿಕೊಂಡು ಕ್ಯಾಂಡಿ ತಿನ್ನುತ್ತಿದ್ದರೆ ರಂಜನಿ ಒದ್ದೆ ಕಣ್ಣಲ್ಲಿ ಪರದೆ ನೋಡುತ್ತಿದ್ದಳು. ಶರಣಪ್ಪನವರು ಬಂದು ಪಕ್ಕದಲ್ಲಿ ನಿಂತರು.

“ಬೋರ್ಡ್ ಇಲ್ಲಿ ಕೊಡ್ರಿ ತಂಗಿ.”

ಅವರು ಕೋಡಿನ ಕಡೆ ತಿರುಗಿಯೂ ನೋಡಲಿಲ್ಲ. ಬೋರ್ಡನ್ನು ಬಾಯಿಯ ಹತ್ತಿರ ಹಿಡಿದು, ಕನ್ನಡಕ ಒರೆಸುವ ಮುಂಚೆ ಊದುತ್ತೇವಲ್ಲ, ಹಾಗೆ ‘ಹಾ’ ಎಂದು ಊದಿದರು. ಪರದೆಯ ಮೇಲೆ ಸೆಕೆಂಡುಗಳು ನಿಂತುಹೋದವು. ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿದರು. ಮತ್ತೆ ಓಡಿದವು.

“ತೇವಕ್ಕ ನಿಲ್ಲತೈತಿ. ನಿಮ್ಮ ಕೋಡಿನ ತಪ್ಪಲ್ರಿ ಇದು. ಇಲ್ಲಿ ಏನೋ ಹತ್ತೇತಿ.”

ಭೂತಗನ್ನಡಿಯ ಕೆಳಗೆ ಬೋರ್ಡನ್ನು ಓರೆ ಮಾಡಿ ತೋರಿಸಿದರು. ಗಡಿಯಾರಕ್ಕೆ ತಾಳ ಕೊಡುವ ಹರಳಿನ ಎರಡು ಸಣ್ಣ ಕಾಲುಗಳ ನಡುವೆ ತೆಳ್ಳಗೆ ಕೆಂಪು ಪೊರೆ ಕಟ್ಟಿತ್ತು. “ಏನ್ರಿ ಇದು, ಕುಂಕುಮ ಇದ್ದಂಗೈತಲ್ಲ?”

ರಂಜನಿಯ ಮುಖ ಆ ಕುಂಕುಮಕ್ಕಿಂತ ಕೆಂಪಾಯಿತು. ಹಿಂದಿನ ಗುರುವಾರ ಆಯುಧಪೂಜೆ. ಬೋರ್ಡನ್ನು ಮನೆಗೊಯ್ದು, ಕಾರಿನ ಕೀ, ಲ್ಯಾಪ್‌ಟಾಪುಗಳ ಸಾಲಿನಲ್ಲಿಟ್ಟು, ದೊಡ್ಡ ಚಿಪ್‌ನ ನೆತ್ತಿಗೆ ಒಂದು ಬೊಟ್ಟು ಇಟ್ಟಿದ್ದಳು. ಮರುದಿನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಅದನ್ನು ನೋಡಿ, ಮ್ಯಾನೇಜರ್ ಏನೆಂದುಕೊಂಡಾನೋ ಎಂದು ನಾಚಿಕೆಯಾಗಿ, ಒದ್ದೆ ಟಿಶ್ಯೂವಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದ್ದಳು. ಕೆಂಪು ನೀರು ಇಳಿದು ಹರಳಿನ ಅಡಿಗೆ ಸೇರಿತ್ತು. ತಡೆದು ತಡೆದು ಎಲ್ಲವನ್ನೂ ಹೇಳಿದಳು.

ಶರಣಪ್ಪನವರು ನಕ್ಕರು. “ಪೂಜಾ ಮಾಡಿದ್ದಕ್ಕ ಏನೂ ಆಗಿಲ್ರಿ. ಬೊಟ್ಟು ಅಲ್ಲೇ ಇದ್ದಿದ್ರ ತನ್ನ ಪಾಡಿಗೆ ತಾನು ಇರತಿತ್ತು. ನಾಚಿ ಒರೆಸಿದ್ರಲ್ಲ, ಅದಕ್ಕಾಗೇತಿ.”

ಸ್ಪಿರಿಟ್ಟಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಮೂರು ಸಲ ತೊಳೆದರು, ಒಣಗಿಸಿದರು. ಊದಿದರೆ ಈಗ ಗಡಿಯಾರ ನಿಲ್ಲಲಿಲ್ಲ. ನಂಬಿಕೆ ಸಾಲದೆ ರಂಜನಿಯೂ ತಲೆ ಸುತ್ತುವಷ್ಟು ಊದಿದಳು. ಅದು ಓಡುತ್ತಲೇ ಇತ್ತು. ಎದೆ ತುಂಬಿ ಬಂದರೂ ಬಾಯಿಗೆ ಬಂದದ್ದು ‘ಥ್ಯಾಂಕ್ಸ್’ ಎಂಬ ಬಡಕಲು ಮಾತು. “ಮೊದಲ ನಾಳಿಂದು ನಡೀಲಿ,” ಎಂದು ಅವರು ಹೊರಟರು.

ಗುರುವಾರ ಬೆಳಿಗ್ಗೆ ಎದುರಿನ ಕಟ್ಟಡ ಕಾಣದಷ್ಟು ಮಂಜು. ಸರಿಯಾಗಿ ಹತ್ತಕ್ಕೆ ಡಬ್ಬಿ ಕೂಗಿತು, ಹತ್ತೂಕಾಲಿಗೆ ಇನ್ನೊಮ್ಮೆ. ಆಸ್ಪತ್ರೆಯವರು ಕೈಕುಲುಕಿ ಒಪ್ಪಿಕೊಂಡರು. ರಂಜನಿ ಓಡಿದ್ದು ಮ್ಯಾನೇಜರನ ಹತ್ತಿರಕ್ಕಲ್ಲ, ಶರಣಪ್ಪನವರ ಮೇಜಿಗೆ. ಮೇಜು ಖಾಲಿಯಿತ್ತು.

“ನಿಮ್ಗೆ ಗೊತ್ತಿಲ್ವಾ?” ಎಂದ ಆಚೆ ಮೇಜಿನ ಮಧುಕರ್. “ನಿನ್ನೆ ಬೆಳಿಗ್ಗೆನೇ ಅವ್ರಿಗೆ ಲೇಆಫ್ ಲೆಟರ್ ಕೊಟ್ರು. ಸಾಮಾನೆಲ್ಲ ಕಾರಿಗೆ ಹಾಕ್ಕೊಂಡಾಗಿತ್ತು. ಬೈ ಹೇಳಕ್ಕೆ ಒಳಗೆ ಬಂದೋರು ನಿಮ್ಮ ಹತ್ರ ನಿಂತ್ಕೊಂಡ್ಬಿಟ್ರು.”

ಕೆಲಸ ಕಳೆದುಕೊಂಡ ಮನುಷ್ಯ ರಂಜನಿಯ ಕೆಲಸ ಉಳಿಸಿಕೊಟ್ಟು ಹೋಗಿದ್ದರು, ಅದೂ ನಗುನಗುತ್ತ. ಅವಳು ನಂಬರು ಕೇಳಿ ತೆಗೆದುಕೊಂಡು ಯೂನಿಯನ್ ಸಿಟಿಗೆ ಫೋನು ಮಾಡಿದಳು.

“ನಿನ್ನೆ ನೀವು ಹೇಳ್ಲೇ ಇಲ್ವಲ್ಲ ಶರಣಪ್ಪನವರೇ.”

“ಹೇಳಿದ್ರ ನೀವು ಬೋರ್ಡ್ ಎಲ್ಲಿ ಕೊಡತಿದ್ರಿ? ನನ್ನ ಸಲುವಾಗಿ ಅಳಕೋತ ಕೂಡತಿದ್ರಿ. ಅದಿರ್ಲಿ, ಗಡಿಯಾರ ಹೊತ್ತು ಸರಿ ತೋರಸ್ತೇನ್ರಿ?”

“ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ. ಅವ್ರು ಒಪ್ಕೊಂಡ್ರು. ನಾನು ಇಲ್ಲಿ ಉಳ್ಕೊಂಡಿದ್ದು ನಿಮ್ಮಿಂದ. ಮೊದಲ ದಿನಾನೇ ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ.”



“ಹಂಗಾರ ಕಡೀ ದಿನಾ ದಂಡ ಆಗ್ಲಿಲ್ಲ ಬಿಡ್ರಿ,” ಎಂದರು ಶರಣಪ್ಪನವರು.