ಮಂಚದ ಕೆಳಗಿನ ಗುಳ್ಳೆಗಳು

ಹನ್ನೊಂದು ದಿನದಿಂದ ನಾನು ನೋಡುತ್ತಿರುವುದು ಒಂದನ್ನೇ, ಮಂಚದ ಕೆಳಗಿನ ಬಾಟಲಿಯನ್ನು. ನನ್ನ ಗಂಡ ಮುನಿಶಾಮಿಯ ಎದೆಗೆ ತೂರಿಸಿದ ಪೈಪು ಆ ಬಾಟಲಿಯ ನೀರಿನೊಳಕ್ಕೆ ಇಳಿದಿದೆ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಮುಚ್ಚುವವರೆಗೆ ಹದಿನೈದು ವರ್ಷ ಇವರು ಕುಡಿದ ಕಲ್ಲಿನ ಧೂಳು ಈಗ ಶ್ವಾಸಕೋಶದಲ್ಲಿ ತೂತು ಮಾಡಿದೆ. ತೂತಿನಿಂದ ಸೋರಿದ ಗಾಳಿ ನೀರಿಗೆ ಬಂದು ಗುಳ್ಳೆಯಾಗುತ್ತದೆ. ಗುಳ್ಳೆ ನಿಂತರೆ ತೂತು ಮುಚ್ಚಿತು ಎಂದರ್ಥ, ಪೈಪು ತೆಗೆದು ಮನೆಗೆ ಕಳಿಸುತ್ತೇವೆ ಎಂದು ರಾಬರ್ಟ್‌ಸನ್‌ಪೇಟೆಯ ಈ ಆಸ್ಪತ್ರೆಯ ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಮೊದಲ ಎರಡು ದಿನ ಅಳುತ್ತಿದ್ದೆ. ಆಮೇಲೆ ಅಳುವೂ ಬರಲಿಲ್ಲ. ತಂಗಿ ವನಿತಾ ಬಂಗಾರಪೇಟೆಯಿಂದ ಮುದ್ದೆ, ಸಾರು ತರುತ್ತಾಳೆ. ನುಂಗುತ್ತೇನೆ, ಉಪ್ಪು ಖಾರ ತಿಳಿಯುವುದಿಲ್ಲ. ಕಾಲಿಗೆ ಹಿಡಿಯುವ ಜೋಮು ಮನಸ್ಸಿಗೂ ಹಿಡಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಗುಳ್ಳೆಯ ಸಂಗತಿ ಮಾತ್ರ ಚೆನ್ನಾಗಿ ಗೊತ್ತಾಯಿತು. ಬೇರೆ ಕೆಲಸವಾದರೂ ಏನಿತ್ತು? ಮೆಲ್ಲಗೆ ಉಸಿರು ಬಿಟ್ಟರೆ ಸಾಸಿವೆಯಷ್ಟು ಸಣ್ಣವು, ಗುಂಡಗೆ ಇರುತ್ತವೆ. ಮಾತಾಡಿದರೆ ಕಡಲೆಯಷ್ಟು. ಕೆಮ್ಮಿದರೆ ದೊಡ್ಡವು, ಅವು ಗುಂಡಗೆ ನಿಲ್ಲುವುದಿಲ್ಲ, ತಳ ಚಪ್ಪಟೆಯಾಗಿ ಇಡ್ಲಿಯ ಹಾಗೆ ಅಲ್ಲಾಡುತ್ತ ಮೇಲೇಳುತ್ತವೆ.

"ಪೈಪಿನ ತುದಿ ನೀರಲ್ಲಿ ಒಂದೆರಡು ಬೆರಳಷ್ಟೇ ಮುಳುಗಿರ್ಬೇಕಮ್ಮ. ಜಾಸ್ತಿಯಾದ್ರೆ ಗಾಳಿಗೆ ನೀರು ತಳ್ಳೋಕೆ ಕಷ್ಟ," ಎಂದು ನರ್ಸ್ ಅಂಬಿಕ ಹೇಳಿಕೊಟ್ಟಿದ್ದಳು. "ಗುಳ್ಳೆ ಬರ್ದಿದ್ರೂ ಪೈಪೊಳಗಿನ ನೀರು ಉಸಿರಿನ ಜೊತೆ ಏರಿಳೀತಾ ಇರುತ್ತೆ. ಅದೂ ನಿಂತ್ರೆ ಕೂಗಿ. ಪೈಪು ಕಟ್ಟಿಕೊಂಡ್ರೆ ಗಾಳಿ ಎದೆಯಲ್ಲೇ ತುಂಬ್ಕೊಂಡು ಜೀವಕ್ಕೇ ಅಪಾಯ."

ಎಂಟನೇ ದಿನ ಇವರು ಒಂದು ತೀರ್ಮಾನಕ್ಕೆ ಬಂದರು.

"ಮಾತಾಡಿದ್ರೆ ಗುಳ್ಳೆ ಬತ್ತದೆ ಕಣೇ. ಇನ್ನ ಮಾತಾಡಲ್ಲ. ಈ ವಾರ್ಡಿಗೆ ಬಂದೋರು ನಡ್ಕಂಡು ಮನೆಗೋದಿದ್ದು ನಾ ಕಾಣೆ. ನಾನು ಓಗ್ಬೇಕು."

ಅಷ್ಟೇ. ನೀರು ಬೇಕಾದರೆ ಹೆಬ್ಬೆರಳು, ಬೇಡವಾದರೆ ತಲೆ. ಮೊದಲೂ ಇವರೇನು ಮಾತಿನ ಮಲ್ಲರಲ್ಲ, ಇರಲಿ ಎಂದುಕೊಂಡೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದು, "ಒಂದ್ಸಲ ಕೆಮ್ಮಿ ನೋಡೋಣ" ಎಂದರು. ಇವರು ಕೆಮ್ಮಿದರು. ಒಂದು ಗುಳ್ಳೆಯೂ ಇಲ್ಲ. ಡಾಕ್ಟರು ಮತ್ತೊಮ್ಮೆ ಕೆಮ್ಮಿಸಿದರು. ಇಲ್ಲ.

"ಪರವಾಗಿಲ್ವೇ! ಇವತ್ತು ಪೈಪು ತೆಗೆದುಬಿಡೋಣ," ಎಂದು ಡಾಕ್ಟರು ಫೈಲಿನಲ್ಲಿ ಬರೆಯತೊಡಗಿದರು. ಇವರ ಮುಖ ಅರಳಿತು.

ನಾನು ಬಗ್ಗಿ ನೋಡಿದೆ. ಪೈಪೊಳಗಿನ ನೀರು ಮೇಲೂ ಇಲ್ಲ, ಕೆಳಗೂ ಇಲ್ಲ, ನಿಂತಲ್ಲೇ ನಿಂತಿತ್ತು. ಹೊದಿಕೆಯ ಅಡಿಯಲ್ಲಿ ಇವರ ಎಡಗೈ ಮುಷ್ಟಿ ಬಿಗಿದು ಉಬ್ಬಿ ಕಾಣುತ್ತಿತ್ತು.

ಗಣಿಯ ಮೆಡಿಕಲ್ ಪರೀಕ್ಷೆಯಲ್ಲೂ ಇವರು ಕೆಮ್ಮು ನುಂಗಿಕೊಂಡೇ ಪಾಸಾದವರು. ಆ ದಿನ ಬೆಳಿಗ್ಗೆ ಮೆಣಸಿನ ಕಷಾಯ ಕಾಯಿಸಿ ಕೊಟ್ಟವಳು ನಾನೇ. ಕೆಲಸ ಉಳಿಯಿತೆಂದು ಗಂಡ ಹೆಂಡತಿ ಇಬ್ಬರೂ ನಕ್ಕಿದ್ದೆವು. ಆ ನಗುವನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯ.

"ಸಾರ್," ಎಂದೆ. "ಇವರ ಎಡಗೈ ನೋಡಿ."

ಅಂಬಿಕ ಹೊದಿಕೆ ಸರಿಸಿದಳು. ಎರಡಾಗಿ ಮಡಚಿದ ಪೈಪು ಮುಷ್ಟಿಯೊಳಗಿತ್ತು. ಡಾಕ್ಟರು ಬೈಯಲಿಲ್ಲ, ಒಂದೊಂದೇ ಬೆರಳು ಬಿಡಿಸಿದರು. ಇವರು ಡಾಕ್ಟರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದರು. ಮೂರು ದಿನದ ಮೇಲೆ ಬಾಯಿ ಬಿಟ್ಟರು.

"ನಾನು ಮನೆಗ್ ಬರೋದು ನಿಂಗೆ ಇಷ್ಟ ಇಲ್ವೇನೇ?"

ಬಾಟಲಿಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಇಷ್ಟ ಇದೆ, ಅದಕ್ಕೇ ಹೇಳಿದೆ ಎನ್ನಲು ಬಾಯಿ ತೆರೆದೆ. ನಾನು ಉತ್ತರ ಕೊಟ್ಟರೆ ಇವರು ಮತ್ತೆ ಮಾತಾಡುತ್ತಾರೆ, ಮಾತಾಡಿದರೆ ಇನ್ನಷ್ಟು ಗಾಳಿ ಸೋರುತ್ತದೆ ಎಂದು ಸುಮ್ಮನಾದೆ. ಇವರು ಅದನ್ನೇ ಉತ್ತರ ಅಂದುಕೊಂಡು ಗೋಡೆಯ ಕಡೆ ತಿರುಗಿದರು.